ಹಗಲು ನೌಕರಿ, ಇರುಳು ಉದ್ಯಮ

ಮಾಸಿಕ ವೇತನಕ್ಕೆ ದುಡಿಯುತ್ತಿರುವ ನಮ್ಮ ತರುಣರಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ವೆಬ್ ಹೋಸ್ಟಿಂಗಿನ ಸಣ್ಣ ಉದ್ಯಮವೊಂದನ್ನು ನಡೆಯಿಸಬೇಕೆಂದು ಹವಣಿಸುತ್ತಿರುವರು. ಊರಿನ ಜವಳಿ ಅಂಗಡಿಗಾಗಲಿ, ಶಾಲೆಗಾಗಲಿ ಅಂತರಜಾಲದಲ್ಲಿ ತಾಣವೊಂದಿರಬೇಕಾದರೆ, ಅದು ಹಗಲಿರುಳೂ ಎಚ್ಚರವಾಗಿರುವ ಸರ್ವರ್ ಯಂತ್ರವೊಂದರಲ್ಲಿ ನೆಲೆಸಿರಬೇಕಷ್ಟೆ. ಅಂತಹ ಯಂತ್ರವನ್ನು ದೊಡ್ಡ ಸಂಸ್ಥೆಗಳಿಂದ ಸಗಟಾಗಿ ಬಾಡಿಗೆಗೆ ಹಿಡಿದು, ಅದರಲ್ಲಿನ ಸ್ಥಳವನ್ನು ಸಣ್ಣ ಗಿರಾಕಿಗಳಿಗೆ ಚಿಲ್ಲರೆಯಾಗಿ ಹಂಚಿಕೊಡುವುದೇ ಈ ಉದ್ಯಮದ ತಿರುಳು. ಈ ಸಾಹಸವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸ್ವಾಗತದ ಜೊತೆಗೆ ಕೆಲವು ನಿಷ್ಠುರದ ಮಾತುಗಳನ್ನೂ ಆಡಬೇಕಾಗಿದೆ.

ಹೆಚ್ಚು ಬಂಡವಾಳವಿಲ್ಲದವನಿಗೂ ಈ ವ್ಯಾಪಾರದ ಬಾಗಿಲು ತೆರೆದಿರುವುದು ಆಕಸ್ಮಿಕವಲ್ಲ. 1993ರ ಏಪ್ರಿಲ್ 30ರಂದು ಯುರೋಪಿನ ಸರ್ನ್ ಸಂಶೋಧನಾಲಯವು ವೆಬ್ಬಿನ ತಂತ್ರಾಂಶವನ್ನು ಯಾವ ರಾಜಧನವನ್ನೂ ಬೇಡದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಲಿನಕ್ಸ್, ಅಪಾಚೆ ಮೊದಲಾದವು ಉಚಿತವಾಗಿಯೇ ದೊರೆಯುತ್ತವೆ. ಭದ್ರತೆಯ ಪ್ರಮಾಣಪತ್ರಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಬೆಲೆಯಿಲ್ಲದೆ ನೀಡುತ್ತಿದೆ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಅಂತರಜಾಲ ಸೇವೆಯು ಸಾರ್ವಜನಿಕರಿಗೆ ತೆರೆಯಿತು. ಅಂದಿನಿಂದ ಅದರ ಬಳಕೆದಾರರಾಗಿಯೇ ಉಳಿದವರು ಇಂದು ಅದರಲ್ಲಿ ಪುಟ್ಟ ಅಂಗಡಿಯೊಂದರ ಒಡೆಯರಾಗಬಯಸುವುದು ಶ್ಲಾಘ್ಯವಾದದ್ದು.

ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಹೊಕ್ಕು ನೆಲೆ ನಿಲ್ಲುವುದು ಬೇರೆ. ಕಿರಾಣಿ ಅಂಗಡಿಯವನು ರಾತ್ರಿ ಕದವಿಕ್ಕಿ ನಿದ್ರಿಸಬಹುದು, ಸರ್ವರಿಗೆ ರಾತ್ರಿಯೆಂಬುದಿಲ್ಲ. ನೂರಕ್ಕೆ 99.9ರಷ್ಟು ಕಾಲ ತಾಣವು ನಡೆಯುವುದೆಂದು ಜಾಹೀರಾತು ಕೊಡುವುದು ಈ ವ್ಯಾಪಾರದಲ್ಲಿ ವಾಡಿಕೆಯಾಗಿದೆ. ಲೆಕ್ಕ ಹಾಕಿದರೆ, ವರ್ಷವೊಂದರಲ್ಲಿ ಅದು ಸುಮಾರು 8 ಗಂಟೆ 45 ನಿಮಿಷಗಳಿಗಿಂತ ಹೆಚ್ಚು ನಿಲ್ಲಕೂಡದು. ಬೆಳಿಗ್ಗೆ ಹತ್ತಕ್ಕೆ ಕೆಟ್ಟ ಯಂತ್ರವನ್ನು ನೌಕರಿ ಮುಗಿಸಿ ಸಂಜೆ ಏಳಕ್ಕೆ ಬಂದು ನೋಡುವವನು, ವರ್ಷದ ಭಾಷೆಯನ್ನು ಒಂದೇ ಹಗಲಿನಲ್ಲಿ ಮುರಿದಂತಾಯಿತು. ಅಷ್ಟು ಹೊತ್ತು ನಷ್ಟವನ್ನನುಭವಿಸಿದವನು ಅವನನ್ನು ನಂಬಿದ ಬಡ ವ್ಯಾಪಾರಿ.

ನಿಂತ ತಾಣವನ್ನು ಮತ್ತೆ ನಡೆಯಿಸಬಹುದು. ನಾಶವಾದ ದಾಖಲೆಗಳನ್ನು ತರುವುದೆಲ್ಲಿಂದ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ಪ್ರಸಿದ್ಧ ಸಂಸ್ಥೆಯ ಸರ್ವರ್ ಭವನವು ಬೆಂಕಿಗೆ ಆಹುತಿಯಾಯಿತು. ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಅಷ್ಟು ದೊಡ್ಡವರ ಗತಿಯೇ ಹೀಗಾದರೆ ಚಿಕ್ಕವರು ಎಷ್ಟು ಜಾಗರೂಕರಾಗಿರಬೇಕು! ಬ್ಯಾಕಪ್ ಪ್ರತಿಯು ಬೇರೊಂದು ಊರಿನಲ್ಲಿ, ಬೇರೊಬ್ಬರ ಯಂತ್ರದಲ್ಲಿರತಕ್ಕದ್ದು. ಅದರಿಂದ ತಾಣವು ಮರಳಿ ಏಳುವುದೇ ಎಂಬುದನ್ನು ಆಗಾಗ ಪರೀಕ್ಷಿಸತಕ್ಕದ್ದು. ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ಆಕ್ರಮಣವು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಸಲ್ಲಿಸಬೇಕು. 180 ದಿನಗಳ ಲಾಗ್ ದಾಖಲೆಗಳನ್ನು ಕಾದಿರಿಸಬೇಕು. ಕಚೇರಿಯಲ್ಲಿದ್ದೆನೆಂಬ ನೆಪವು ಅಲ್ಲಿ ನಡೆಯದು.

ಇನ್ನು ನೌಕರಿಯ ಋಣದ ಮಾತು. 2022ರಲ್ಲಿ ಬೆಂಗಳೂರಿನ ವಿಪ್ರೊ ಸಂಸ್ಥೆಯು, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದರೆಂಬ ಕಾರಣದಿಂದ ಸುಮಾರು 300 ಮಂದಿ ನೌಕರರನ್ನು ತೆಗೆದುಹಾಕಿದ ಸಂಗತಿಯು ವಾಚಕರಿಗೆ ನೆನಪಿರಬಹುದು. ಕೇಂದ್ರ ಸರ್ಕಾರದ ನೌಕರರು 1964ರ ನಡತೆಯ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಆದುದರಿಂದ ಮುಚ್ಚುಮರೆ ಸಲ್ಲದು. ಕರಾರುಪತ್ರವನ್ನು ಓದಿ, ಅನುಮತಿಯನ್ನು ಬರಹದಲ್ಲಿ ಪಡೆದು, ಧಣಿಯ ಯಂತ್ರವನ್ನಾಗಲಿ ವೇಳೆಯನ್ನಾಗಲಿ ಮುಟ್ಟದೆ ಕೆಲಸಕ್ಕಿಳಿಯಬೇಕು. ಧಣಿಗಳಿಗೂ ನಮ್ಮದೊಂದು ಬಿನ್ನಹವುಂಟು. ಸಂಸ್ಥೆಯ ಗುಟ್ಟಿಗೂ ಹಿತಕ್ಕೂ ಬಾಧಕವಿಲ್ಲದೆಡೆಯಲ್ಲಿ ಅನುಮತಿಯನ್ನು ನಿರಾಕರಿಸುವುದು ಔದಾರ್ಯವೆನಿಸದು. ವೇತನ ಕೊಟ್ಟವರು ಕೊಂಡಿರುವುದು ದುಡಿಮೆಯ ವೇಳೆಯನ್ನೇ ಹೊರತು ಮನುಷ್ಯನನ್ನಲ್ಲ.

ಹಾಗಾದರೆ ಮಾರ್ಗವೇನು? ಒಬ್ಬಂಟಿಯಾಗಿ ಹೊರಡಬೇಡಿರಿ, ಬೇರೆ ಬೇರೆ ವೇಳೆಯಲ್ಲಿ ಬಿಡುವಿರುವ ಇಬ್ಬರು ಮೂವರು ಸ್ನೇಹಿತರು ಕೂಡಿ ಸರದಿಯ ಮೇಲೆ ಕಾವಲಿರಿ. ಮೊದಲ ವರ್ಷ ಹತ್ತೇ ಗಿರಾಕಿಗಳು ಸಾಕು. ದೊಡ್ಡವರಿಗಿಂತ ಅಗ್ಗವಾಗಿ ಮಾರುವ ಪಂತಕ್ಕೆ ನಿಲ್ಲಬೇಡಿರಿ. 2019ರಲ್ಲಿ ಸಿಪ್ಯಾನೆಲ್ ತಂತ್ರಾಂಶದವರು ಖಾತೆಗಳ ಎಣಿಕೆಗೆ ತಕ್ಕಂತೆ ಬಾಡಿಗೆಯನ್ನು ನಿಗದಿಮಾಡಿದಾಗ, ಅಗ್ಗದ ಬೆಲೆಗೆ ಅನೇಕ ಖಾತೆಗಳನ್ನು ತುಂಬಿಕೊಂಡಿದ್ದವರಿಗೇ ಪೆಟ್ಟು ಬಿದ್ದಿತು. ನಿಮ್ಮ ಬಂಡವಾಳವು ಬೇರೆಯೇ ಇದೆ. ತೊಂದರೆಯಾದಾಗ ಗಿರಾಕಿಯು ಫೋನ್ ಮಾಡಿದರೆ ಕನ್ನಡದಲ್ಲಿ ಉತ್ತರ ಕೊಡಬಲ್ಲ ಪರಿಚಿತ ಕಂಠವದು. ಯಾವ ಹೊತ್ತಿನಲ್ಲಿ ದೊರೆಯುವಿರೆಂಬುದನ್ನು ಮೊದಲೇ ಹೇಳಿಬಿಡಿರಿ. ಬಿಟ್ಟುಹೋಗುವವನಿಗೆ ಅವನ ಕಡತಗಳನ್ನೂ ತಾಣದ ಹೆಸರನ್ನೂ ತಕರಾರಿಲ್ಲದೆ ಒಪ್ಪಿಸಿರಿ.

ಈ ಉದ್ಯಮದಲ್ಲಿ ಕೈಗೆ ಬರುವುದು ಪರರ ಸ್ವತ್ತು. ಅದನ್ನು ನ್ಯಾಸವೆಂದು ಕಾಯಬಲ್ಲ ತರುಣನು ಇಂದೇ ಆರಂಭಿಸಲಿ. ಕಾಯಲಾರದವನು ನೌಕರಿಯೊಂದರಲ್ಲಿಯೇ ತೃಪ್ತನಾಗಿರುವುದು ಅವನಿಗೂ ಕ್ಷೇಮ, ಗಿರಾಕಿಗಳಿಗೂ ಕ್ಷೇಮವೆಂದು ನಾವು ಅಭಿಪ್ರಾಯಪಡುತ್ತೇವೆ.