ಹೊಟ್ಟಿ ಅಕಿದು, ಹುಕುಂ ಯಾರ್ದು?

"ಅಕಿಗೇ ನೆಟ್ಟಗ ನಡ್ಯಾಕ ಬರಂಗಿಲ್ಲ, ಕೂಸಿನ್ನ ಹೆಂಗ ಸಂಭಾಳಿಸ್ತಾಳ?"

ಬೀಳಗಿ ಸೀಮೆಯ ಕಟ್ಟೆಗಳ ಮೇಲೆ ಈ ಮಾತು ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿವೆ. ಕುಂಟಿ, ಕುರುಡಿ, ಮೂಕಿ ಎಂದು ಕರೆಸಿಕೊಂಡವಳು ಕಳೆ ತೆಗೆಯಬಹುದು, ರೊಟ್ಟಿ ಬಡಿಯಬಹುದು, ಅಕ್ಕನ ಮಕ್ಕಳನ್ನು ಆಡಿಸಬಹುದು. ತನಗೊಂದು ಕೂಸು ಬೇಕೆಂದರೆ ಮಾತ್ರ ಊರಿಗೆ ಊರೇ ನ್ಯಾಯಾಧೀಶ! ಬೇಡವೆಂದರೂ ಕೇಳುವವರಿಲ್ಲ. ಅವಳು ನಮ್ಮ ಕೇರಿಯವಳಾದರೆ ಜಾತಿಯದೊಂದು, ಬಡತನದ್ದೊಂದು, ಅಂಗದ್ದೊಂದು, ಮೂರು ಬೀಗ.

ಇದು ಹಳ್ಳಿಯ ಅಜ್ಞಾನವೆಂದು ಓದಿದವರು ಕೈತೊಳೆದುಕೊಳ್ಳಬೇಡಿ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆದವರು ಓದಿದ ಡಾಕ್ಟರರೇ. ಕೊಟ್ಟ ಕಾರಣ, ಮುಟ್ಟಿನ ಸ್ವಚ್ಛತೆ. ನೀರು, ಬಟ್ಟೆ, ನೋಡಿಕೊಳ್ಳುವ ಕೈ ಕೊಡಲಾರದ ವ್ಯವಸ್ಥೆ ಕತ್ತರಿ ಹಿಡಿಯಿತು. ಗರ್ಭಕೋಶ ತೆಗೆದರೆ ಮುಟ್ಟು ನಿಂತೀತು, ಅತ್ಯಾಚಾರ ನಿಲ್ಲುತ್ತದೆಯೆ? ಬಸಿರು ಕಾಣುವುದಿಲ್ಲ, ಪಾಪಿ ಪಾರಾಗುತ್ತಾನೆ, ಅಷ್ಟೇ.

2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯದಲ್ಲೇ ಅತ್ಯಾಚಾರಕ್ಕೊಳಗಾಗಿ ಬಸಿರಾದ ಅನಾಥ ಹೆಣ್ಣುಮಗಳೊಬ್ಬಳು ಕೂಸು ಬೇಕೆಂದಳು. ತೆಗೆಸಿರಿ ಎಂದಿತು ಹೈಕೋರ್ಟು. ಸುಪ್ರೀಂ ಕೋರ್ಟು ತಡೆಯಿತು: ಹೆರುವುದೂ ಹೆರದಿರುವುದೂ ಸಂವಿಧಾನದ 21ನೆಯ ವಿಧಿಯ ಸ್ವಾತಂತ್ರ್ಯ, ಅವಳ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯುವಂತಿಲ್ಲ. ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡಕೂಡದೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೆಯ ಕಲಮೂ ಹೇಳಿತು. ಆದರೆ ಅದೇ ಕಾಯ್ದೆಯ 92ನೆಯ ಕಲಮು, 'ತೀವ್ರ' ವೈಕಲ್ಯವಾದರೆ ಪೋಷಕರ ಒಪ್ಪಿಗೆ, ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಕಿಂಡಿ ಬಿಟ್ಟಿದೆ. ತೀವ್ರವೆಂದು ಅಳೆಯುವ ಕೋಲು ಯಾರ ಕೈಯಲ್ಲಿದೆ?

ಆಲಮಟ್ಟಿಯ ಹಿನ್ನೀರಿಗೆ ಊರು ಕಳೆದುಕೊಂಡ ಸೀಮೆ ನಮ್ಮದು. ನಮ್ಮ ನೆಲದ ತೀರ್ಮಾನ ಬೇರೆಯವರು ಮಾಡಿದಾಗ ಹೊಟ್ಟೆ ಹೇಗೆ ಉರಿಯುತ್ತದೆಂದು ಬಲ್ಲೆವು. ಆದರೂ ಮನೆಯ ಹೆಣ್ಣಿನ ಒಡಲಿನ ತೀರ್ಮಾನ ಅವಳನ್ನು ಕೇಳದೇ ಮಾಡುತ್ತೇವೆ. 'ಕುರುಡು ಸರ್ಕಾರಕ್ಕೆ ಧಿಕ್ಕಾರ' ಎಂದು ಕೂಗಿದವರೂ ನಾವೇ. ಕಣ್ಣಿಲ್ಲದ ಅವ್ವ ಆ ಮೆರವಣಿಗೆಯಲ್ಲಿ ಎಲ್ಲಿ ನಿಲ್ಲಬೇಕು?

ನಮಗೆ ಕನಿಕರ ಬೇಡ. ತಾಲೂಕು ಆಸ್ಪತ್ರೆಯಲ್ಲಿ ಅವಳು ತಾನೇ ಏರಬಲ್ಲ ತಗ್ಗಿನ ಹೆರಿಗೆ ಮಂಚ ಬೇಕು. ಕಿವಿ ಕೇಳದವಳಿಗೆ ಸನ್ನೆಯಲ್ಲಿ ತಿಳಿಹೇಳುವವರು ಬೇಕು. ಸಹಿ ಹಾಕಿಸುವ ಮೊದಲು ಅತ್ತೆಯನ್ನಲ್ಲ, ಅಣ್ಣನನ್ನಲ್ಲ, ಅವಳನ್ನೇ ಕೇಳಬೇಕು. ಮಾಸ್ತರರೇ, ಶಾಲೆ ಬಿಟ್ಟ ಅಂಥ ಹುಡುಗಿಯ ಮನೆಗೆ ಇವತ್ತೇ ಹೋಗಿರಿ. ಮುಟ್ಟು, ಬಸಿರು, ಹಕ್ಕು ಅವಳಿಗೂ ತಿಳಿಯಲಿ.

ಕೂಸು ಬೇಕೋ ಬ್ಯಾಡೋ, ಅಕಿ ಹೇಳ್ತಾಳ. ನಾವು ಮೊದಲು ಬಾಯಿ ಮುಚ್ಚಿ ಕೇಳೋಣ.