40 ಫ್ಲೈ ಇರೋ ಡಬ್ಬಿ ತಗೋಬೇಡಿ (ಗಾಳದ ಸರಣಿ, ಭಾಗ 3)

ತೀರ್ಥನ್ ನದಿ ಫೋಟೋ ಹಾಕಿದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಟ್ರೌಟ್‌ಗೆ ಯಾವ ಡ್ರೈ ಫ್ಲೈ ತಗೋಬೇಕು?" ನೇರವಾಗಿ ಹೇಳ್ತೀನಿ. ದೊಡ್ಡ ಡಬ್ಬಿ ಬೇಡ, ನಾಲ್ಕು ಥರ ಸಾಕು.

ನಾನು ಇದನ್ನ ದುಡ್ಡು ಕೊಟ್ಟು ಕಲಿತೆ. ಟ್ಯೂಷನ್ ಹೇಳಿ ಕೂಡಿಟ್ಟಿದ್ದ ₹1,800ಕ್ಕೆ ಆನ್‌ಲೈನಲ್ಲಿ 40 ಫ್ಲೈ ತರಿಸಿದ್ದೆ. ಹಿಮಾಚಲದಲ್ಲಿ ನಮಗಿದ್ದ ಪರ್ಮಿಟ್ ಒಂದೇ ದಿನದ್ದು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಒಂದು ಬಿಚ್ಚೋದು, ಇನ್ನೊಂದು ಕಟ್ಟೋದು, ಇಷ್ಟೇ ಆಯ್ತು. ರಜೆ ಹಾಕಿ ಕರ್ಕೊಂಡು ಬಂದಿದ್ದ ಮಾಮ ಬಂಡೆ ಮೇಲೆ ಕೂತು ಕೇಳಿದ್ರು: "ಏನೋ, ಮೀನು ಹಿಡೀತಿದೀಯಾ, ಇಲ್ಲ ಅಂಗಡಿ ತೆಗ್ದಿದೀಯಾ?"

ಗೊತ್ತಿಲ್ಲದವರಿಗೆ: ಡ್ರೈ ಫ್ಲೈ ಅಂದ್ರೆ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ, ನೀರಿನ ಮೇಲೆ ತೇಲೋ ಸುಳ್ಳು ಹುಳ. ನಮ್ಮ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಹಾಕ್ತಾರಲ್ಲ, ಅದಕ್ಕೆ ವಾಸನೆ ಇದೆ, ರುಚಿ ಇದೆ. ಫ್ಲೈಗೆ ಎರಡೂ ಇಲ್ಲ. ಮೀನು ಕಣ್ಣಲ್ಲಿ ನೋಡಿ ತೀರ್ಮಾನ ಮಾಡ್ಬೇಕು, ಅದೂ ಪ್ರವಾಹ ಹೊತ್ಕೊಂಡು ಹೋಗೋ ಎರಡು ಸೆಕೆಂಡಲ್ಲಿ. ಹಾಗಾಗಿ ಮೊದಲು ಸೈಜ್, ಆಮೇಲೆ ಆಕಾರ, ಕೊನೆಗೆ ಬಣ್ಣ.

ನನ್ನ ನಾಲ್ಕು ಇವು:
1. ಆಡಮ್ಸ್, ಸೈಜ್ 14, 16. 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹುಟ್ಟಿದ್ದು. ಬೂದು ಬಣ್ಣ. ಯಾವ ಒಂದು ಹುಳದ ನಕಲೂ ಅಲ್ಲ, ಆದ್ರೆ ಹತ್ತಾರು ಥರದ ಮೇಫ್ಲೈ ಹಾಗೆ ಕಾಣುತ್ತೆ.
2. ಎಲ್ಕ್ ಹೇರ್ ಕ್ಯಾಡಿಸ್, 14. ಎಲ್ಕ್ ಜಿಂಕೆಯ ಕೂದಲು ಇರೋದ್ರಿಂದ ರಭಸದ ನೀರಲ್ಲೂ ಚೆನ್ನಾಗಿ ತೇಲುತ್ತೆ.
3. ರಾಯಲ್ ವುಲ್ಫ್, 12. ಬಿಳಿ ರೆಕ್ಕೆ. ನೊರೆ ನೀರಲ್ಲೂ ನಿಮ್ಮ ಕಣ್ಣಿಗೆ ಕಾಣುತ್ತೆ.
4. ಗ್ರಿಫಿತ್ಸ್ ನ್ಯಾಟ್, 18. ನಿಧಾನ ನೀರಿನ ಮಡುವಿಗೆ, ಮೀನು ಸಣ್ಣ ಸಣ್ಣ ಹುಳ ತಿನ್ನೋವಾಗ.
(ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಚಿಕ್ಕದು. ನಾನು ಇಲ್ಲೇ ಮೊದಲು ಎಡವಿದ್ದು.)

ಕಟ್ಟೋ ಮುಂಚೆ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ದಡದ ಜೇಡರ ಬಲೆಯಲ್ಲಿ ಏನು ಸಿಕ್ಕಿಬಿದ್ದಿದೆ ನೋಡಿ. ರೆಕ್ಕೆ ಹಾಯಿಪಟದ ಹಾಗೆ ನೆಟ್ಟಗಿದ್ರೆ ಮೇಫ್ಲೈ, ಆಡಮ್ಸ್ ಕಟ್ಟಿ. ಹೆಂಚಿನ ಮನೆ ಸೂರಿನ ಹಾಗೆ ಮಡಚಿದ್ರೆ ಕ್ಯಾಡಿಸ್. ಮೀನು ಬಂದು ನೋಡಿ ವಾಪಸ್ ಹೋದ್ರೆ ಫ್ಲೈ ಬದಲಿಸೋ ಮುಂಚೆ ನಿಮ್ಮ ದಾರ ನೋಡಿ. ಪ್ರವಾಹ ದಾರನ ಎಳೆದು ಫ್ಲೈ ನೀರಲ್ಲಿ ಗೆರೆ ಎಳೀತಿದ್ರೆ, ಎಷ್ಟು ದುಬಾರಿ ಫ್ಲೈ ಆದ್ರೂ ಮೀನು ನಂಬಲ್ಲ. ಅದು ಸರಿಯಿದ್ರೆ ಒಂದು ಸೈಜ್ ಚಿಕ್ಕದು ಹಾಕಿ.

"ಹಾಗಾದ್ರೆ ನೂರಾರು ಥರ ಯಾಕಿವೆ?" ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ಫ್ರೆಡ್ರಿಕ್ ಹಾಲ್ಫರ್ಡ್ 1886ರಲ್ಲೇ ಪುಸ್ತಕ ಬರೆದು, ಹುಳ ಹೇಗಿದೆಯೋ ಹಾಗೇ ನಕಲು ಮಾಡ್ಬೇಕು ಅನ್ನೋ ವಾದಕ್ಕೆ ಹೆಸರಾದವರು. ಅವರ ಟೆಸ್ಟ್ ನದಿ ತಿಳಿಯಾಗಿ, ಶಾಂತವಾಗಿ ಹರಿಯುತ್ತೆ. ಅಲ್ಲಿ ಮೀನಿಗೆ ನಿಂತು ಪರೀಕ್ಷೆ ಮಾಡೋ ಪುರುಸೊತ್ತಿದೆ. ಬಂಡೆಗೆ ಬಡ್ಕೊಂಡು ಓಡೋ ತೀರ್ಥನ್‌ನಲ್ಲಿ ಅದೆಲ್ಲಿ?

ಕಾಸ್ಟ್ ಅಕೌಂಟಿಂಗ್‌ನಲ್ಲಿ ಎಬಿಸಿ ಅನಾಲಿಸಿಸ್ ಓದಿದೀವಲ್ಲ: ಕೆಲವೇ ಐಟಂ ಮೇಲೆ ಜಾಸ್ತಿ ಗಮನ. ಎಕ್ಸಾಮಲ್ಲಿ ಬರೆದೆ, ನದಿಯಲ್ಲಿ ಮರೆತೆ.

ಸಂಜೆ ಡಬ್ಬಿ ಮಾಮನ ಕೈಗೆ ಕೊಟ್ಟು, ಕ್ಯಾಡಿಸ್ ಒಂದೇ ಕಟ್ಟಿದೆ. ಒಂದು ಟ್ರೌಟ್ ಮೇಲೆ ಬಂದು ಬಾಯಿ ಹಾಕ್ತು. ನಾನು ಗಾಬರಿಯಲ್ಲಿ ಎಳೆದುಬಿಟ್ಟೆ, ತಪ್ಪಿಸ್ಕೊಂತು. ಇಡೀ ದಿನದಲ್ಲಿ ಅದೊಂದೇ. ಬೆಳಗ್ಗೆಯಿಂದ ಹೀಗೇ ಮಾಡಿದ್ರೆ ಇನ್ನೆಷ್ಟು ಬರ್ತಿತ್ತೋ, ಅದೇ ನನ್ನ ಹೊಟ್ಟೆಉರಿ.

ಹೋಗೋರು ಪರ್ಮಿಟ್ ಮಾಡಿಸಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೊಟ್ಟೆ ಇಡೋ ಕಾಲ, ಹಿಡಿಯೋ ಹಾಗಿಲ್ಲ.

ಉಳಿದ ಫ್ಲೈ ಮಾರೋಣ ಅಂದ್ಕೊಂಡಿದ್ದೆ. ಇದನ್ನ ಓದಿದ ಮೇಲೆ ಯಾರು ತಗೋತೀರ ಹೇಳಿ? 😅