ಮನೆ ನೋಡವು ಅಂದ್ರೆ ಆಷಾಢದಲ್ಲಿ ನೋಡವು

"ಅಲ್ದನೇ ತಂಗಿ, ಆ ಲಾರಿಯವ್ರ ಮಧ್ಯ ಸಣ್ಣ ಕೂಸು ಕಟ್ಗಂಡು ಹ್ಯಾಂಗೆ ಇರ್ತೆ?"

ರಾಮನಗುಳಿಯಲ್ಲಿ ಮನೆ ಮಾಡುವ ಮಾತು ಬಂದ ಕೂಡಲೇ ನಮ್ಮತ್ತೆ ಕೇಳಿದ್ದು ಇದೊಂದೇ. ಹುಬ್ಬಳ್ಳಿಯ ಬಾಡಿಗೆ ಮನೆ ಬಿಟ್ಟು ಊರಿಗೆ ಹೋಗುವುದು ಅಂತ ನಾವಿಬ್ಬರೂ ಹೋದ ದೀಪಾವಳಿಗೇ ಹೆಚ್ಚೂಕಡಿಮೆ ಒಪ್ಪಿಕೊಂಡಿದ್ದೆವು. ಮಾವನಿಗೆ ಮಂಡಿನೋವು, ತೋಟ ನೋಡಲು ಜನ ಇಲ್ಲೆ. ನಮ್ಮನೆಯವರಿಗೆ ಅಂಕೋಲೆಯಲ್ಲಿ ವಾರಕ್ಕೆ ನಾಲ್ಕು ದಿನದ ಕೆಲಸ ಸಿಗುತ್ತದೆ. ಕೂಸಿಗೆ ಈಗ ನಾಲ್ಕು ವರ್ಷ, ಒಂದನೇ ತರಗತಿಗೆ ಇನ್ನೂ ಎರಡು ವರ್ಷ ಇದೆ. ಲೆಕ್ಕ ಎಲ್ಲ ಸರಿಯಾಗಿತ್ತು. ಎಲ್ಲಿ ಇರುವುದು ಅನ್ನುವುದೊಂದೇ ಸರಿಯಾಗಿರಲಿಲ್ಲ.

ಎದುರಿಗೆ ಇದ್ದದ್ದು ಎರಡು ಮನೆ. ಒಂದು, ಹೊಳೆ ಬದಿಯ ನಮ್ಮ ಹಳೇ ಮನೆ. ಹೆಂಚಿನ ಮಾಡು, ದೊಡ್ಡ ಜಗಲಿ, ಕೆಳಗೆ ತೋಟ, ತೋಟದ ಆಚೆ ಗಂಗಾವಳಿ. ಇನ್ನೊಂದು, ಹೆದ್ದಾರಿ ಬದಿಗೆ ಪರಿಚಯದವರೊಬ್ಬರು ಕಟ್ಟಿಸಿದ ತಾರಸಿ ಮನೆ. ಟೈಲ್ಸ್ ಹಾಕಿದ್ದು, ಬಾಗಿಲಿಗೇ ಕಾರು ಬರುತ್ತದೆ, ಬಸ್ಸು ಎದುರಿಗೇ ನಿಲ್ಲುತ್ತದೆ. ನೆಂಟರಿಷ್ಟರಲ್ಲಿ ಅರ್ಧ ಜನ "ಹೊಳೆ ಬದಿಗೆ ಬ್ಯಾಡ, ರಸ್ತೆ ಬದಿಗೇ ಇರಿ" ಅಂದರು. ಇನ್ನರ್ಧ ಜನ ಅತ್ತೆಯ ಪಕ್ಷ. ಲಾರಿ ನಿಲ್ತು, ರಾತ್ರಿ ಕುಡ್ಕರು ಕೂಗ್ತ, ಹೊರಗಿನವ್ರು ಬತ್ತ ಹೋಗ್ತ, ಹೆಣ್ಣು ಕೂಸು ಬೇರೆ.

ದೀಪಾವಳಿ ಹೊತ್ತಿಗೆ ನೋಡಿದರೆ ಎರಡೂ ಮನೆ ಚಂದವೇ. ಹೊಳೆ ಕಲ್ಲಿನ ಮಧ್ಯ ಸುಮ್ಮನೆ ಹರಿಯುತ್ತಿತ್ತು, ಗುಡ್ಡ ಹಸುರಾಗಿತ್ತು. ಆದರೆ ನಾವು ಮನೆಯಲ್ಲಿ ಇರುವುದು ಹಬ್ಬದ ನಾಲ್ಕು ದಿನಕ್ಕಲ್ಲ. ಹಾಗಾಗಿ ಈ ಸಲ ಆಷಾಢದಲ್ಲಿ, ಮಳೆ ಹಿಡಿದು ಎಂಟು ದಿನ ಆದಮೇಲೆ, ನಾನು ಕೂಸನ್ನು ಕರೆದುಕೊಂಡು ಬಂದು ಹತ್ತು ದಿನ ಉಳಿದೆ. ಹೋಗಿ ನೋಡಿದವರಿಗೆ ಗೊತ್ತಾಗುವುದಕ್ಕೂ ಇದ್ದು ನೋಡಿದವರಿಗೆ ಗೊತ್ತಾಗುವುದಕ್ಕೂ ಬಹಳ ಫರಕು ಇದೆ.

ಮೊದಲು ಲಾರಿಯವರ ವಿಷಯ. ಸಂಜೆ ಮನೆ ಎದುರು ಐದಾರು ಲಾರಿ ನಿಂತಿದ್ದವು. ಡ್ರೈವರುಗಳು ಚಹಾ ಕುಡಿದರು, ಟಯರು ತಟ್ಟಿ ನೋಡಿದರು, ಫೋನಿನಲ್ಲಿ ಅವರವರ ಮನೆ ಮಕ್ಕಳ ಹತ್ತಿರ ಮಾತಾಡಿದರು, ಮುಂದೆ ಅರಬೈಲ್ ಘಾಟಿ ಹತ್ತಬೇಕು ಅಂತ ಹೊರಟರು. ಒಬ್ಬ ಕುಡಿದು ಕೂಗಿದ್ದೂ ಹೌದು, ಸುಳ್ಳು ಹೇಳುವುದಿಲ್ಲ. ಅಂಗಡಿಯವರೇ ಗದರಿಸಿ ಕಳಿಸಿದರು. ರಸ್ತೆ ಬದಿಯಲ್ಲಿ ಸಣ್ಣ ಮಕ್ಕಳಿಗೆ ನಿಜವಾದ ಅಪಾಯ ಓಡುವ ಗಾಡಿ. ಅದಕ್ಕೆ ಗೇಟು ಬೇಕು, ಗೇಟು ಹಾಕಿಸಬಹುದು.

ಯಾರೂ ಒಂದು ಮಾತೂ ಆಡದೇ ಇದ್ದದ್ದು ಮನೆಯ ಹಿಂದಿನ ಧರೆ ಬಗ್ಗೆ. ಜಾಗ ಸಮತಟ್ಟು ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಅಡುಗೆಮನೆ ಕಿಟಕಿ ತೆಗೆದರೆ ಕೆಂಪು ಮಣ್ಣು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಮೇಲಿನ ಎರಡು ಮರ ಈಚೆ ವಾಲಿದ್ದವು. ಧರೆಯ ಬುಡದಲ್ಲಿ ಒರತೆ ಎದ್ದಿತ್ತು, ನೀರು ಕೆಂಪು. "ಮಳೆಗಾಲದಲ್ಲಿ ಎಲ್ಲಾ ಕಡೆ ಹೀಂಗೇ" ಅಂದರು ಮನೆಯವರು. ಒರತೆ ಎಲ್ಲಾ ಕಡೆ ಏಳುತ್ತದೆ, ನಿಜ. ಆದರೆ ನೀರು ಮಣ್ಣು ಕಲಸಿಕೊಂಡು ಬಂದರೆ, ಮರ ವಾಲಿದರೆ, ನೆಲ ಬಿರುಕು ಬಿಟ್ಟರೆ, ಒಳಗೆ ಗುಡ್ಡ ಸಡಿಲ ಆಗಿದೆ ಎಂದೇ ಅರ್ಥ.

ಇದು ನನ್ನ ಪುಕ್ಕಲುತನ ಅಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಮನೆ-ತೋಟ ಸಮೇತ ಗುಡ್ಡ ಜಾರಿತು, ಅರಬೈಲ್ ಘಾಟಿಯಲ್ಲೂ ರಸ್ತೆ ಬಂದಾಯಿತು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಬಿದ್ದು, ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರವೇ ಹೋಯಿತು. ಚಹಾಕ್ಕೆ ನಿಂತ ಲಾರಿಯವರೂ ಹೋದರು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಉಕ್ಕಿ ಆಚೆ ದಂಡೆಯ ಉಳುವರೆಯ ಮನೆಗಳಿಗೂ ಹೊಡೆಯಿತು. ನಾವು ಲಾರಿಯವರನ್ನು ನೋಡಿ ಹೆದರುತ್ತೇವೆ. ಶಿರೂರಿನಲ್ಲಿ ಅವರನ್ನೂ, ಅವರಿಗೆ ಚಹಾ ಕೊಟ್ಟವರನ್ನೂ ತೆಗೆದದ್ದು ಒಂದೇ ಗುಡ್ಡ.

ಹಾಗಾದರೆ ಹೊಳೆ ಬದಿ ಒಳ್ಳೆಯದಾ? ಅಷ್ಟು ಸಸಾರ ಅಲ್ಲ. 2019ರ ಆಗಸ್ಟ್‌ನಲ್ಲಿ ರಾಮನಗುಳಿಯ ತೂಗುಸೇತುವೆಯನ್ನೇ ಕೊಚ್ಚಿಕೊಂಡು ಹೋದ ಹೊಳೆ ಇದು. ಎರಡು ವರ್ಷ ಬಿಟ್ಟು ಮೇಲಿನ ಗುಳ್ಳಾಪುರದ ಸೇತುವೆಯನ್ನೂ ಬಿಡಲಿಲ್ಲ. ನಮ್ಮ ಮನೆಗೂ 2019ರಲ್ಲಿ ನೀರು ಬಂದಿತ್ತು, ಜಗಲಿಯ ಗೋಡೆ ಮೇಲೆ ಗುರುತು ಇನ್ನೂ ಇದೆ. ಆದರೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಮಾವ ಹೇಳಿದ್ದು ಹೀಗೆ: "ಮಧ್ಯಾಹ್ನ ತೋಟಕ್ಕೆ ಬಂತು, ಕತ್ಲೆ ಆಪಷ್ಟೊತ್ತಿಗೆ ಅಂಗಳಕ್ಕೆ ಬಂತು, ಬೆಳಗಾಪದ್ರೊಳಗೆ ಜಗಲಿಗೆ. ದನ ಬಿಚ್ಚಿ ಮೇಲೆ ಹೊಡ್ದ್ಯ, ಅಕ್ಕಿ ಅಟ್ಟಕ್ಕೆ ಏರ್ಸಿದ್ಯ, ನಡ್ಕಂಡೇ ಮೇಲಿನ ಮನೆಗೆ ಹೋದ್ಯ."

ಆ "ನಡ್ಕಂಡೇ" ಅನ್ನುವ ಮಾತಿನ ಮೇಲೆ ನನ್ನ ತೀರ್ಮಾನ ನಿಂತಿದೆ. ಹೊಳೆ ತಾಸುಗಟ್ಟಲೆ ಸಮಯ ಕೊಟ್ಟಿತು. ಧರೆ ಒಂದು ನಿಮಿಷವನ್ನೂ ಕೊಡುವುದಿಲ್ಲ. ಒರಟು ಜಾಗ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ತಯಾರಿ ಮಾಡಿಕೊಳ್ಳಬಹುದಾದ ಅಪಾಯ ಯಾವುದು, ಮಾಡಿಕೊಳ್ಳಲಾಗದ್ದು ಯಾವುದು ಎಂದು ಬೇರೆ ಮಾಡಿ ನೋಡುವುದಿಲ್ಲ. ಸಣ್ಣ ಮಕ್ಕಳಿರುವವರು ಮೊದಲು ಮಾಡಬೇಕಾದ ಕೆಲಸ ಅದೇ. ತಯಾರಿಗೆ ಸಿಗುವ ಅಪಾಯದ ಜೊತೆ ಬದುಕಬಹುದು. ಇನ್ನೊಂದರ ಜೊತೆ ಟೈಲ್ಸ್ ಇದ್ದರೂ ಬೇಡ.

ತಯಾರಿ ಅಂದರೆ ದೇವರ ಮೇಲೆ ಭಾರ ಹಾಕುವುದೂ ಅಲ್ಲ. ಕಾಳಿ ಹೊಳೆಗಾದರೆ ಕದ್ರಾ ಅಣೆಕಟ್ಟಿದೆ, ನೀರು ಬಿಡುವ ಮುಂಚೆ ತಿಳಿಸುತ್ತಾರೆ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಅದು ಹುಬ್ಬಳ್ಳಿ-ಧಾರವಾಡದ ಬದಿಗೆ ಹುಟ್ಟಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ ಇಲ್ಲಿಗೆ ಬರುತ್ತದೆ. ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಕಲಘಟಗಿ, ಯಲ್ಲಾಪುರದ ಕಡೆ ಮಳೆ ಹೊಡೆದರೆ ನೀರು ನಮಗೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ: ಮೇಲಿನ ಊರಿನ ಮಳೆ ದಿನಾ ವಿಚಾರಿಸುವುದು, ತೋಟದ ಮೆಟ್ಟಿಲಲ್ಲಿ ಮೂರನೆಯದು ಮುಳುಗಿದರೆ ಮೇಲಿನ ಮನೆಗೆ ಹೊರಡುವುದು. "ಇನ್ನೊಂದು ತಾಸು ನೋಡನ" ಅನ್ನುವ ಮಾತಿಲ್ಲ.

ಆದರೂ ಒಂದು ಹೆದರಿಕೆ ಈ ಲೆಕ್ಕಕ್ಕೆ ಬಗ್ಗಲಿಲ್ಲ. ನಮ್ಮ ಕೂಸಿಗೆ ಹೋದ ವರ್ಷ ಜ್ವರ ಏರಿ ಎರಡು ಸಲ ಸೆಳೆತ ಬಂದಿತ್ತು. ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಹತ್ತಿರ ಇತ್ತು, ನಿಭಾಯಿಸಿದೆವು. ಇಂಥ ಸೆಳೆತ ಹೆಚ್ಚಿನ ಮಕ್ಕಳಿಗೆ ಐದಾರು ವರ್ಷಕ್ಕೆ ನಿಲ್ಲುತ್ತದೆ ಅಂದಿದ್ದಾರೆ ಡಾಕ್ಟರು, ಮೂಗಿಗೆ ಹೊಡೆಯುವ ಔಷಧಿಯನ್ನೂ ಬರೆದುಕೊಟ್ಟಿದ್ದಾರೆ. ಆದರೆ ಘಾಟಿ ಕುಸಿದರೆ ಯಲ್ಲಾಪುರದ ದಾರಿ ಇಲ್ಲ, ಹೊಳೆ ರಸ್ತೆಗೆ ಬಂದರೆ ಅಂಕೋಲೆಯ ದಾರಿ ಇಲ್ಲ. ನಡುರಾತ್ರಿ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, 108ಕ್ಕೆ ಫೋನು ಹೋಗುವುದಿಲ್ಲ. ಇದಕ್ಕೆ ಯಾವ ಮೆಟ್ಟಿಲು ಎಣಿಸುವುದು?

ನಮ್ಮನೆಯವರು "ಎಂಗಳನ್ನೆಲ್ಲಾ ಇಲ್ಲೇ ಸಾಕಿದ್ವಲೇ" ಅಂದರು. ಹೌದು, ಸಾಕಿದರು. ಆದರೆ ಆಗ ಮನೆ ತುಂಬ ಜನ ಇದ್ದರು, ನಡುರಾತ್ರಿಗೂ ಕಂಬಳಿ ಕಟ್ಟಿ ಹೊತ್ತುಕೊಂಡು ಹೋಗಲು ನಾಲ್ಕು ಹೆಗಲಿದ್ದವು. ಈಗ ಅವರು ಅಂಕೋಲೆಗೆ ಹೋದಮೇಲೆ ಮನೆಯಲ್ಲಿ ಉಳಿಯುವುದು ಮಂಡಿನೋವಿನ ಮಾವ, ಅತ್ತೆ ಮತ್ತು ನಾನು. ಈ ಮಾತು ಹೇಳಿದಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದರು.

ಕಡೆಗೆ ನಾವು ಆಡಿಕೊಂಡದ್ದು ಇಷ್ಟು. ರಸ್ತೆ ಬದಿಯ ಮನೆ ಬೇಡ. ನವರಾತ್ರಿ ಕಳೆದಮೇಲೆ ಹಳೇ ಮನೆಗೇ ಬರುವುದು. ಮುಂದಿನ ಎರಡು ಮಳೆಗಾಲ, ಜೂನ್‌ನಿಂದ ಆಗಸ್ಟ್ ತನಕ, ನಾನು ಮತ್ತು ಕೂಸು ಅಂಕೋಲೆಯಲ್ಲಿ ಎರಡು ಕೋಣೆ ಹಿಡಿದು ಇರುವುದು. ಅವರು ತೋಟಕ್ಕೂ ಅಂಕೋಲೆಗೂ ಓಡಾಡಿಕೊಂಡು ಇರುವುದು. ದುಡ್ಡು ಹೆಚ್ಚು ಬೀಳುತ್ತದೆ, ಗೊತ್ತು. ಕೊಳೆ ಔಷಧಿ ಹೊಡೆಸುವ ಹೊತ್ತಿಗೆ ಸೊಸೆ ಮನೆಯಲ್ಲಿ ಇಲ್ಲ ಅಂತ ಊರಿನವರು ಆಡಿಕೊಳ್ಳುತ್ತಾರೆ, ಅದೂ ಗೊತ್ತು.

ಅತ್ತೆಗೆ ಬೇಜಾರಾಗಿದೆ. "ಅರ್ಧ ಸಂಸಾರ ಇಲ್ಲಿ, ಅರ್ಧ ಸಂಸಾರ ಅಲ್ಲಿ, ಇದೆಂತಾ ಸಂಸಾರನೇ?" ಅಂದರು. ಉತ್ತರ ಕೊಡಲಿಲ್ಲ. ಮಾವ ಮಾತ್ರ "ಅಡ್ಡಿಲ್ಲೆ, ಕೂಸು ಗಟ್ಟಿ ಆಪಲ್ಲಿವರೆಗೆ ಹಂಗೇ ಮಾಡಿ" ಅಂದರು. ಬರುವ ಭಾನುವಾರ ಅಂಕೋಲೆಗೆ ಕೋಣೆ ನೋಡಲು ಹೋಗುತ್ತಿದ್ದೇವೆ. ಮಳೆ ಇನ್ನೂ ಬಿಟ್ಟಿಲ್ಲ, ನೋಡಲು ಒಳ್ಳೆಯ ಸಮಯ.